ಗೀಸರ್ ಥರ್ಮೋಸ್ಟ್ಯಾಟ್: ನಾವೇ ಬದಲಿಸಬಹುದಾದದ್ದು ಏನು, ಎಲ್ಲಿ ನಿಲ್ಲಬೇಕು

ದೀಪಾವಳಿ ಕಳೆದು ಬೆಳಗಿನ ನೀರು ಮೈಗೆ ಚುರುಕ್ಕೆನ್ನತೊಡಗಿದ ಮೇಲೆ ಸಿಂಧನೂರು, ಲಿಂಗಸುಗೂರು, ಮಸ್ಕಿಯ ಮನೆಗಳಲ್ಲಿ ತಿಂಗಳುಗಟ್ಟಲೆ ಸುಮ್ಮನಿದ್ದ ಗೀಸರ್ ಮತ್ತೆ ಚಾಲೂ ಆಗುತ್ತದೆ. ಬೇಸಿಗೆಯಲ್ಲಿ ನಮಗೆ ಅದರ ಗರಜೇ ಇಲ್ಲ. ಮಾಳಿಗೆಯ ಮೇಲಿನ ಟ್ಯಾಂಕಿನ ನೀರೇ ಮಧ್ಯಾಹ್ನ ಕೈ ಸುಡುತ್ತದೆ. ಹೀಗೆ ಬಹಳ ದಿನ ನಿಂತ ಯಂತ್ರವನ್ನು ಒಮ್ಮೆಲೇ ಹಚ್ಚಿದಾಗ ಕೆಡುವ ಭಾಗಗಳಲ್ಲಿ ಥರ್ಮೋಸ್ಟ್ಯಾಟ್ ಮುಖ್ಯವಾದದ್ದು. ನೀರು ಎಷ್ಟು ಕಾಯಬೇಕೋ ಅಷ್ಟು ಕಾದ ಕೂಡಲೇ ಕರೆಂಟ್ ಕಡಿಯುವ ಸಣ್ಣ ಭಾಗ ಅದು. ಬೆಲೆ ಕೆಲವು ನೂರು ರೂಪಾಯಿ.

ಅದು ಕೆಟ್ಟಾಗ ನಮ್ಮ ಕಡೆ ಆಗಾಗ ಕೇಳಿಬರುವ ಮಾತು ಇದು: “ಥರ್ಮೋಸ್ಟ್ಯಾಟ್ ಹೋಗ್ಯಾದ್ರಿ, ಸದ್ಯಕ್ಕ ಡೈರೆಕ್ಟ್ ಕೊಟ್ಟೀನಿ.” ಅಂದರೆ ಕೆಟ್ಟ ಭಾಗವನ್ನು ತೆಗೆದು ಎರಡು ವಯರ್‌ಗಳನ್ನು ಸೇರಿಸಿಬಿಡುವುದು. ನೀರು ಕಾಯುತ್ತದೆ, ಮನೆಯವರಿಗೂ ಸಮಾಧಾನ. ಆದರೆ ಆ ಹೊತ್ತಿನಿಂದ ಆ ಗೀಸರ್‌ಗೆ ನಿಲ್ಲುವುದು ಗೊತ್ತಿಲ್ಲ. ಸ್ವಿಚ್ ಆಫ್ ಮಾಡುವುದನ್ನು ಯಾರಾದರೂ ಮರೆತ ದಿನ ನೀರು ಕುದಿಯುತ್ತಲೇ ಹೋಗಬಹುದು. ಈ ಲೇಖನ ಬರೆಯಲು ಮುಖ್ಯ ಕಾರಣವೇ ಅದು. ಥರ್ಮೋಸ್ಟ್ಯಾಟ್ ಬದಲಿಸುವುದು ಎಚ್ಚರದಿಂದ ಮಾಡಿದರೆ ಮನೆಯವರಿಂದಲೇ ಆಗುವ ಕೆಲಸ. ಅದನ್ನು ತಪ್ಪಿಸಿ ಗೀಸರ್ ಓಡಿಸುವುದು ಮಾತ್ರ ಯಾರೂ ಮಾಡಬಾರದ ಕೆಲಸ.

ಕಾನೂನು ಎಳೆದ ಗೆರೆ

ಮೊದಲು ಯಾವ ಕೆಲಸ ನಮ್ಮದು, ಯಾವುದು ಅಲ್ಲ ಎಂಬುದು ಸ್ಪಷ್ಟವಾಗಬೇಕು. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೇ ನಿಯಮವೇ ಈ ಗೆರೆ ಎಳೆದಿತ್ತು. ದೀಪ, ಫ್ಯಾನು, ಫ್ಯೂಸ್, ಸ್ವಿಚ್, ಗೃಹಬಳಕೆಯ ಉಪಕರಣಗಳನ್ನು ವ್ಯವಸ್ಥೆಯ ಸಾಮರ್ಥ್ಯ ಮತ್ತು ಸ್ವರೂಪ ಬದಲಾಗದಂತೆ ಬದಲಿಸಿಕೊಳ್ಳಬಹುದು. ಅದಕ್ಕಿಂತ ಮಿಗಿಲಾದ ವೈರಿಂಗ್ ಕೆಲಸ ಪರವಾನಗಿ ಪಡೆದ ಗುತ್ತಿಗೆದಾರರದು. ನಂತರ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಲ್ಲೂ ಇದೇ ತತ್ವ ಮುಂದುವರಿದಿದೆ.

ಮನೆ ಮಟ್ಟಿಗೆ ಇದರ ಅರ್ಥ ಹೀಗೆ. ಪ್ಲಗ್ ಕಿತ್ತ ಗೀಸರ್‌ನಲ್ಲಿ ಅದೇ ಅಳತೆಯ ಥರ್ಮೋಸ್ಟ್ಯಾಟ್ ಹಾಕುವುದು, ಪ್ಲಗ್ಗಿಗೆ ಸಿಕ್ಕಿಸುವ ಟೈಮರ್ ಬಳಸುವುದು ನಮ್ಮ ಕೆಲಸ. ಬಚ್ಚಲಿಗೆ ಹೊಸ ಲೈನ್ ಎಳೆಯುವುದು, ಎಂಸಿಬಿ ಬದಲಿಸುವುದು, ಅರ್ಥಿಂಗ್ ಹಾಕುವುದು ಎಲೆಕ್ಟ್ರಿಷಿಯನ್ ಕೆಲಸ. ಗ್ಯಾಸ್ ಗೀಸರ್ ಆದರೆ ಕವರ್ ಕೂಡ ಬಿಚ್ಚಬೇಡಿ; ಅಲ್ಲಿ ಅನಿಲ ಸೋರಿಕೆ ಮತ್ತು ಕಾರ್ಬನ್ ಮಾನಾಕ್ಸೈಡ್ ಎರಡರ ಅಪಾಯವೂ ಇದೆ. ಇಂಥ ಗೆರೆ ಬೇರೆ ಕಡೆಯೂ ಇದೆ. ಚಳಿ ದೇಶಗಳಲ್ಲಿ ಇಡೀ ಮನೆಯನ್ನೇ ಬಿಸಿ ಮಾಡುವ ವ್ಯವಸ್ಥೆ ಇರುತ್ತದೆ. ಬ್ರಿಟನ್ನಿನಲ್ಲಿರುವ ನಮ್ಮವರನ್ನು ಕೇಳಿ ನೋಡಿ: ಗೋಡೆಯ ಮೇಲಿನ ಥರ್ಮೋಸ್ಟ್ಯಾಟನ್ನು ಅನೇಕರು ತಾವೇ ಬದಲಿಸುತ್ತಾರೆ, ಗ್ಯಾಸ್ ಬಾಯ್ಲರ್ ಕೆಲಸಕ್ಕೆ ಮಾತ್ರ ‘ಗ್ಯಾಸ್ ಸೇಫ್’ ನೋಂದಣಿ ಇರುವವರನ್ನೇ ಕರೆಯಬೇಕೆಂಬುದು ಅಲ್ಲಿನ ಕಾನೂನು.

ಗೀಸರ್ ವಾರಂಟಿ ಅವಧಿಯಲ್ಲಿದ್ದರೆ ಕಂಪನಿಯ ಸರ್ವಿಸ್‌ಗೇ ಫೋನ್ ಮಾಡಿ. ಕವರ್ ಬಿಚ್ಚಿದರೆ ವಾರಂಟಿ ಕಳೆದುಕೊಳ್ಳುವ ಸಾಧ್ಯತೆ ಹೆಚ್ಚು.

ಒಳಗೆ ಏನೇನಿದೆ

ಹತ್ತು, ಹದಿನೈದು ಅಥವಾ ಇಪ್ಪತ್ತೈದು ಲೀಟರಿನ ಗೀಸರ್ ಒಳಗೆ ನೀರಿನ ಟ್ಯಾಂಕು, ಅದರ ಸುತ್ತ ಶಾಖ ಹಿಡಿದಿಡುವ ಫೋಮು, ನೀರು ಕಾಯಿಸುವ ಕಾಯಿಲ್ ಇರುತ್ತವೆ. ಸಾಮಾನ್ಯವಾಗಿ ಕಾಯಿಲ್ 2,000 ವ್ಯಾಟಿನದು. ಅದಕ್ಕೆ ಹೋಗುವ ಕರೆಂಟು ಎರಡು ಕಾವಲು ದಾಟಿ ಹೋಗಬೇಕು.

ಮೊದಲನೆಯದು ಥರ್ಮೋಸ್ಟ್ಯಾಟ್. ಬಹಳಷ್ಟು ಗೀಸರ್‌ಗಳಲ್ಲಿ ಇದು ಗೇಣುದ್ದದ ಹಿತ್ತಾಳೆ ಕಡ್ಡಿ. ಕಡ್ಡಿಯ ಹೊರಗಿನ ಕೊಳವೆ ಬಿಸಿಗೆ ಹಿಗ್ಗುತ್ತದೆ, ಒಳಗಿನ ಸರಳು ಹೆಚ್ಚೂಕಡಿಮೆ ಹಿಗ್ಗುವುದಿಲ್ಲ. ಈ ವ್ಯತ್ಯಾಸವೇ ಮೇಲಿನ ಸಣ್ಣ ಸ್ವಿಚ್ಚನ್ನು ಎಳೆದು ಕರೆಂಟ್ ಕಡಿಯುತ್ತದೆ. ನೀರು ಆರಿದಾಗ ತಾನೇ ಮತ್ತೆ ಕೂಡಿಸುತ್ತದೆ.

ಎರಡನೆಯದು ಕಟ್‌ಔಟ್. ಥರ್ಮೋಸ್ಟ್ಯಾಟ್ ಕೈಕೊಟ್ಟು ನೀರು ಕುದಿಯುವ ಹಂತ ಮುಟ್ಟತೊಡಗಿದರೆ ಇದು ಕರೆಂಟನ್ನು ಪೂರ್ತಿ ಕಡಿಯುತ್ತದೆ. ತಾನಾಗಿ ಕೂಡುವುದಿಲ್ಲ, ಮಧ್ಯದ ಸಣ್ಣ ಗುಂಡಿಯನ್ನು ನಾವೇ ಒತ್ತಬೇಕು. ಕೆಲವು ಮಾದರಿಗಳಲ್ಲಿ ಎರಡೂ ಒಂದೇ ತುಂಡಿನಲ್ಲಿರುತ್ತವೆ.

ಇವೆರಡೂ ಸೋತರೆ ಉಳಿಯುವುದು ತಣ್ಣೀರು ಬರುವ ಪೈಪಿನ ಬಳಿಯ ಸುರಕ್ಷತಾ ವಾಲ್ವ್ ಮಾತ್ರ. 25 ಲೀಟರ್ ನೀರು 25 ಡಿಗ್ರಿಯಿಂದ 75 ಡಿಗ್ರಿಗೆ ಕಾದರೆ ಅರ್ಧ ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ. ಕುದಿದು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಸವಳು ನೀರಿನ ಸುಣ್ಣ ಕಟ್ಟಿ ಆ ವಾಲ್ವ್ ಬಿಗಿದುಕೊಂಡಿದ್ದರೆ ಟ್ಯಾಂಕು ಸಿಡಿಯಬಹುದು. ‘ಡೈರೆಕ್ಟ್’ ಕೊಟ್ಟ ಗೀಸರ್ ಅಪಾಯಕಾರಿ ಎನ್ನುವುದು ಇದಕ್ಕೇ. ವಾಲ್ವಿನಿಂದ ನೀರು ತೊಟ್ಟಿಕ್ಕುತ್ತದೆಂದು ಅದರ ಬಾಯಿಗೆ ಬಿರಡೆ ಹಾಕುವುದೂ ಇಷ್ಟೇ ಅಪಾಯ.

ಕೆಟ್ಟಿರುವುದು ಥರ್ಮೋಸ್ಟ್ಯಾಟೇ?

ಬಿಚ್ಚುವ ಮೊದಲು ಲಕ್ಷಣ ನೋಡಿ. ಹೆಚ್ಚಿನ ಗೀಸರ್‌ಗಳಲ್ಲಿ ಕರೆಂಟ್ ಬಂದಿರುವುದಕ್ಕೆ ಒಂದು, ನೀರು ಕಾಯುತ್ತಿರುವುದಕ್ಕೆ ಒಂದು ದೀಪ ಇರುತ್ತದೆ.

* ಕರೆಂಟ್ ದೀಪ ಇದೆ, ಕಾಯುವ ದೀಪ ಇಲ್ಲ, ನೀರು ತಣ್ಣಗಿದೆ: ಥರ್ಮೋಸ್ಟ್ಯಾಟ್ ಅಥವಾ ಕಟ್‌ಔಟ್ ತೆರೆದುಕೊಂಡಿದೆ.
* ಎರಡೂ ದೀಪ ಇವೆ, ನೀರು ಮಾತ್ರ ಕಾಯುವುದಿಲ್ಲ: ಕಾಯಿಲ್ ಹೋಗಿರಬಹುದು.
* ಕಾಯುವ ದೀಪ ಆರುವುದೇ ಇಲ್ಲ, ನಲ್ಲಿಯಿಂದ ಹಬೆ ಬರುತ್ತದೆ: ಥರ್ಮೋಸ್ಟ್ಯಾಟಿನ ಒಳಗಿನ ಸ್ವಿಚ್ ಅಂಟಿಕೊಂಡಿದೆ. ತಕ್ಷಣ ಆಫ್ ಮಾಡಿ, ಸರಿಹೋಗುವ ತನಕ ಹಚ್ಚಬೇಡಿ.
* ಹಚ್ಚಿದ ಕೂಡಲೇ ಎಂಸಿಬಿ ಅಥವಾ ಆರ್‌ಸಿಸಿಬಿ (ಶಾಕ್‌ನಿಂದ ಕಾಪಾಡುವ ಸ್ವಿಚ್) ಬೀಳುತ್ತದೆ: ಕಾಯಿಲ್ ಸೋರುತ್ತಿರಬಹುದು, ವಯರ್ ಸುಟ್ಟಿರಬಹುದು. ಎಲೆಕ್ಟ್ರಿಷಿಯನ್ ಕರೆಯಿರಿ.
* ನೀರು ಅಥವಾ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ: ಬಚ್ಚಲಿನಿಂದ ಹೊರಗೆ ಬಂದು ಮೇನ್ ಆಫ್ ಮಾಡಿ. ಇಲ್ಲಿ ಸ್ವಂತ ರಿಪೇರಿಯ ಮಾತೇ ಬೇಡ.

ನೀರು ಕಾಯುತ್ತದೆ, ಆದರೆ ಬಹಳ ಹೊತ್ತು ಹಿಡಿಯುತ್ತದೆ ಎಂದರೆ ವೋಲ್ಟೇಜ್ ಕಡೆಯೂ ಗಮನ ಕೊಡಿ. 230 ವೋಲ್ಟಿಗೆ 2,000 ವ್ಯಾಟ್ ಎಳೆಯುವ ಕಾಯಿಲ್ 180 ವೋಲ್ಟಿಗೆ ಎಳೆಯುವುದು ಸುಮಾರು 1,225 ವ್ಯಾಟ್ ಮಾತ್ರ. ಇಪ್ಪತ್ತು ನಿಮಿಷದ ಕೆಲಸಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುತ್ತದೆ. ಅದೇ ಹೊತ್ತಿನಲ್ಲಿ ದೀಪಗಳೂ ಮಂಕಾಗಿದ್ದರೆ ಥರ್ಮೋಸ್ಟ್ಯಾಟ್ ಬದಲಿಸಿ ಉಪಯೋಗವಿಲ್ಲ; ಜೆಸ್ಕಾಂಗೆ 1912 ಸಂಖ್ಯೆಯಲ್ಲಿ ದೂರು ಕೊಡಿ.

ಬಿಚ್ಚಿ ಪರೀಕ್ಷಿಸುವ ಕ್ರಮ

ಬೇಕಾಗುವ ಸಾಮಾನು ಇಷ್ಟು: ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಟೆಸ್ಟರ್, ಮಲ್ಟಿಮೀಟರ್, ಗಟ್ಟಿಯಾದ ಸ್ಟೂಲು. ಹಗಲು ಹೊತ್ತಿನಲ್ಲಿ, ಒಣಗಿದ ಬಚ್ಚಲಿನಲ್ಲಿ, ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಮಾಡಿ. ಜೊತೆಗೆ ಒಬ್ಬರು ಇರಲಿ.

ಒಂದು. ಗೀಸರ್ ಸ್ವಿಚ್ ಆಫ್ ಮಾಡಿ, ಎಂಸಿಬಿ ಇಳಿಸಿ, ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ತೂಗುಬಿಡಿ. ಬೋರ್ಡಿನ ಮೇಲೆ ‘ಕೆಲಸ ನಡೆದಿದೆ, ಹಚ್ಚಬೇಡಿ’ ಎಂದು ಚೀಟಿ ಅಂಟಿಸಿ, ಮನೆಯವರಿಗೆಲ್ಲ ಹೇಳಿ. ಪ್ಲಗ್ ಇಲ್ಲದೆ ವಯರನ್ನು ನೇರ ಗೋಡೆಯೊಳಗೆ ಕೊಟ್ಟಿದ್ದರೆ ಇಲ್ಲಿಗೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ ಕರೆಯಿರಿ.

ಎರಡು. ಬಿಸಿನೀರಿನ ನಲ್ಲಿ ತೆರೆದು ಒಳಗಿನ ನೀರು ಆರುವ ತನಕ ಹರಿಸಿ. ಥರ್ಮೋಸ್ಟ್ಯಾಟ್ ಕಡ್ಡಿ ಸಾಮಾನ್ಯವಾಗಿ ಟ್ಯಾಂಕಿನೊಳಗಿನ ಮುಚ್ಚಿದ ಕೊಳವೆಯಲ್ಲಿ ಕೂತಿರುವುದರಿಂದ ಅದನ್ನು ಎಳೆಯಲು ಟ್ಯಾಂಕು ಖಾಲಿ ಮಾಡಬೇಕಿಲ್ಲ. ಕಾಯಿಲ್‌ನ ನಟ್ಟುಗಳನ್ನು ಮಾತ್ರ ಮುಟ್ಟಬೇಡಿ. ಅಲ್ಲಿಂದ ನೀರು ನುಗ್ಗುತ್ತದೆ.

ಮೂರು. ಕೆಳಗಿನ ಕವರ್ ಬಿಚ್ಚಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಬೇರೆ ಪಾಯಿಂಟಿನಲ್ಲಿ ನೋಡಿ, ಆಮೇಲೆ ಗೀಸರ್‌ನ ಎಲ್ಲ ತುದಿಗಳಿಗೂ ಮುಟ್ಟಿಸಿ, ಮತ್ತೆ ಮೊದಲಿನ ಪಾಯಿಂಟಿನಲ್ಲಿ ನೋಡಿ. ಟೆಸ್ಟರ್ ಕೆಟ್ಟಿದ್ದರೆ ‘ಕರೆಂಟ್ ಇಲ್ಲ’ ಎಂದು ಮೋಸ ಹೋಗಬಾರದೆಂದು ಈ ಮೂರು ಸಲದ ನೋಟ.

ನಾಲ್ಕು. ಯಾವ ವಯರ್ ಎಲ್ಲಿದೆ ಎಂಬುದು ಸ್ಪಷ್ಟವಾಗುವಂತೆ ಮೊಬೈಲಿನಲ್ಲಿ ಎರಡು ಮೂರು ಕಡೆಯಿಂದ ಫೋಟೊ ತೆಗೆಯಿರಿ.

ಐದು. ಕಟ್‌ಔಟ್ ಗುಂಡಿ ಒತ್ತಿ. ‘ಟಕ್’ ಎಂದರೆ ಅದು ಬಿದ್ದಿತ್ತು ಎಂದರ್ಥ. ಗುಂಡಿ ಒತ್ತಿ ಕವರ್ ಮುಚ್ಚಿಬಿಡುವ ಆಸೆ ಸಹಜ, ಆದರೆ ನೀರು ಅತಿಯಾಗಿ ಕಾಯದೆ ಅದು ಬೀಳುವುದು ಅಪರೂಪ. ಥರ್ಮೋಸ್ಟ್ಯಾಟ್ ಪರೀಕ್ಷಿಸಿಯೇ ಮುಂದೆ ಹೋಗಿ.

ಆರು. ಥರ್ಮೋಸ್ಟ್ಯಾಟಿನ ವಯರ್ ಲಗ್ಗುಗಳನ್ನು ಬಿಡಿಸಿ, ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಅದರ ಎರಡು ತುದಿಗೆ ಹಿಡಿಯಿರಿ. ತಣ್ಣಗಿರುವ ಒಳ್ಳೆಯ ಥರ್ಮೋಸ್ಟ್ಯಾಟ್ ಸೊನ್ನೆಯ ಹತ್ತಿರ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕೆಟ್ಟಿದೆ. ಅಂಟಿಕೊಂಡಿದೆಯೇ ಎಂದು ತಿಳಿಯಲು ಕಡ್ಡಿಯನ್ನು ಹೊರಗೆಳೆದು, ಅದರ ತಿರುಪನ್ನು ಕಡಿಮೆ ಡಿಗ್ರಿಗೆ ಇಟ್ಟು, ಕಡ್ಡಿಯ ಭಾಗವನ್ನಷ್ಟೇ ಕುದಿಸಿ ಇಳಿಸಿದ ನೀರಿನಲ್ಲಿ ಅದ್ದಿ. ಸ್ವಲ್ಪ ಹೊತ್ತಿಗೆ ‘ಟಕ್’ ಎಂದು ಮೀಟರಿನಲ್ಲಿ ಸಂಪರ್ಕ ತಪ್ಪಬೇಕು. ತಪ್ಪದಿದ್ದರೆ ಅದು ಅಪಾಯದ ಥರ್ಮೋಸ್ಟ್ಯಾಟ್.

ಏಳು. ಕಾಯಿಲ್‌ನ ವಯರ್ ಬಿಡಿಸಿ ಅದನ್ನೂ ನೋಡಿ. 2,000 ವ್ಯಾಟಿನದಾದರೆ ಸುಮಾರು 26 ಓಮ್, 3,000 ವ್ಯಾಟಿನದಾದರೆ ಸುಮಾರು 17ರಿಂದ 18 ಓಮ್ ಬರಬೇಕು. ಆಮೇಲೆ ಮೀಟರಿನ ಒಂದು ಕಡ್ಡಿ ಕಾಯಿಲ್ ತುದಿಗೆ, ಇನ್ನೊಂದು ಟ್ಯಾಂಕಿನ ಲೋಹಕ್ಕೆ ಹಿಡಿಯಿರಿ. ಅಲ್ಲಿ ಯಾವ ಸಂಪರ್ಕವೂ ಕಾಣಬಾರದು. ಕಂಡರೆ ಕಾಯಿಲ್ ಮೈಗೆ ಕರೆಂಟ್ ಬಿಡುತ್ತಿದೆ, ಗೀಸರ್ ಬಳಸಬೇಡಿ.

ಅಂಗಡಿಗೆ ಹಳೆಯದನ್ನೇ ಒಯ್ಯಿರಿ

‘ಗೀಸರ್ ಥರ್ಮೋಸ್ಟ್ಯಾಟ್ ಕೊಡ್ರಿ’ ಎಂದಷ್ಟೇ ಕೇಳಿದರೆ ಎದುರಿಗಿದ್ದದ್ದು ಕೈಗೆ ಬರುತ್ತದೆ. ಹಳೆಯ ತುಂಡನ್ನೇ ಒಯ್ದು ನಾಲ್ಕು ಸಂಗತಿ ಹೋಲಿಸಿ: ಕಡ್ಡಿಯ ಉದ್ದ ಮತ್ತು ದಪ್ಪ, ಆಂಪಿಯರ್, ಡಿಗ್ರಿ, ತುದಿಗಳ ಜಾಗ. ಕಡ್ಡಿ ಗಿಡ್ಡವಾದರೆ ಟ್ಯಾಂಕಿನ ಮೇಲ್ಭಾಗದ ಬಿಸಿ ಅದಕ್ಕೆ ತಿಳಿಯುವುದಿಲ್ಲ. 2,000 ವ್ಯಾಟಿನ ಕಾಯಿಲ್ 8.7 ಆಂಪಿಯರ್, 3,000 ವ್ಯಾಟಿನದು 13 ಆಂಪಿಯರ್ ಎಳೆಯುತ್ತದೆ. ಎರಡಕ್ಕೂ 16 ಆಂಪಿಯರಿನ ಥರ್ಮೋಸ್ಟ್ಯಾಟ್ ಸಾಕು, ಅದಕ್ಕಿಂತ ಕಡಿಮೆಯದು ಬೇಡ. ಐಎಸ್‌ಐ ಗುರುತು ಇರುವುದನ್ನೇ ಕೇಳಿ. ಕಟ್‌ಔಟ್ ಪದೇ ಪದೇ ಬಿದ್ದಿದ್ದರೆ ಅದನ್ನೂ ಜೊತೆಗೇ ಹೊಸದು ತನ್ನಿ. ಕಪ್ಪಾದ, ಸಡಿಲಾದ ಲಗ್ಗುಗಳಿದ್ದರೆ ಹೊಸ ಲಗ್ಗುಗಳೂ ಬೇಕು. ಸಡಿಲ ಲಗ್ಗು ಕಾದು ಕಾದು ಹೊಸ ಥರ್ಮೋಸ್ಟ್ಯಾಟನ್ನೂ ಸುಡುತ್ತದೆ.

ಜೋಡಿಸುವಾಗ ಕಡ್ಡಿ ಕೊಳವೆಯ ತಳದ ತನಕ ಕೂರಬೇಕು. ಫೋಟೊ ನೋಡಿಕೊಂಡು ವಯರ್ ಸಿಕ್ಕಿಸಿ, ಒಂದೊಂದನ್ನೂ ಮೆಲ್ಲಗೆ ಜಗ್ಗಿ ನೋಡಿ. ಹಳದಿ-ಹಸಿರು ಅರ್ಥ್ ವಯರ್ ಟ್ಯಾಂಕಿನ ಲೋಹಕ್ಕೆ ಬಿಗಿಯಾಗಿರಲಿ. ಕವರ್ ಮುಚ್ಚಿದ ಮೇಲೆ ಬಿಸಿನೀರಿನ ನಲ್ಲಿ ತೆರೆದು, ನೀರು ತಡೆಯಿಲ್ಲದೆ ಬರುತ್ತದೆಂದು ಖಚಿತಪಡಿಸಿಕೊಂಡೇ ಕರೆಂಟ್ ಕೊಡಿ. ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಹಚ್ಚಿದರೆ ಸ್ವಲ್ಪ ಹೊತ್ತಿನಲ್ಲೇ ಸುಟ್ಟುಹೋಗಬಹುದು.

ಈಗ ಗಡಿಯಾರ ನೋಡಿ. 15 ಲೀಟರ್ ನೀರು 25ರಿಂದ 60 ಡಿಗ್ರಿಗೆ ಏರಲು 2,000 ವ್ಯಾಟಿಗೆ 18 ನಿಮಿಷ, 25 ಲೀಟರಿಗೆ ಅರ್ಧ ಗಂಟೆ ಬೇಕು. ವೋಲ್ಟೇಜ್ ಕಡಿಮೆ ಇದ್ದರೆ ಇನ್ನಷ್ಟು. ಇದರ ಎರಡರಷ್ಟು ಹೊತ್ತಾದರೂ ಕಾಯುವ ದೀಪ ಆರದಿದ್ದರೆ ಆಫ್ ಮಾಡಿ, ಮೆಕ್ಯಾನಿಕ್ ಕರೆಯಿರಿ. ದೀಪ ಆರಿದ್ದನ್ನು ಕಣ್ಣಾರೆ ನೋಡದೆ ಕೆಲಸ ಮುಗಿಯಿತು ಎನ್ನಬೇಡಿ.

ಎಷ್ಟು ಡಿಗ್ರಿಗೆ ಇಡಬೇಕು

ನಮ್ಮ ಕಡೆಯ ಚಳಿಗೆ 55ರಿಂದ 60 ಡಿಗ್ರಿ ಧಾರಾಳ ಸಾಕು. 60 ಡಿಗ್ರಿಯ 15 ಲೀಟರ್ ನೀರಿಗೆ 25 ಡಿಗ್ರಿಯ 20 ಲೀಟರ್ ತಣ್ಣೀರು ಬೆರೆಸಿದರೆ 40 ಡಿಗ್ರಿಯ 35 ಲೀಟರ್ ಸಿಗುತ್ತದೆ. ಅದು ಹೆಚ್ಚೂಕಡಿಮೆ ಎರಡು ಬಕೆಟ್ ಹದವಾದ ನೀರು. 60 ಡಿಗ್ರಿಯ ನೀರು ನೇರ ಮೈಮೇಲೆ ಬಿದ್ದರೆ ದೊಡ್ಡವರಿಗೂ ಕೆಲವೇ ಸೆಕೆಂಡುಗಳಲ್ಲಿ ಬೊಬ್ಬೆ ಏಳುತ್ತದೆ, ಮಕ್ಕಳಿಗೆ ಇನ್ನೂ ಬೇಗ. ಆದ್ದರಿಂದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬ ರೂಢಿ ಮನೆಯಲ್ಲಿರಲಿ. ತೀರಾ ಕಡಿಮೆಗೂ ಇಡಬೇಡಿ. ಉಗುರುಬೆಚ್ಚಗೆ ದಿನಗಟ್ಟಲೆ ನಿಂತ ನೀರಿನಲ್ಲಿ ರೋಗಾಣು ಬೆಳೆಯುತ್ತವೆ.

ಹೆಚ್ಚು ಡಿಗ್ರಿ ಬೇಡ ಎನ್ನಲು ಇನ್ನೊಂದು ಕಾರಣ ನಮ್ಮ ಬೋರ್ ನೀರು. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಳಸುವ ಮನೆಗಳಿಗೆ ಈ ಕಾಟ ಕಡಿಮೆ. ಸವಳು ಬೋರ್ ನೀರನ್ನೇ ನೆಚ್ಚಿದ ಮನೆಗಳಲ್ಲಿ ನೀರು ಹೆಚ್ಚು ಕಾದಷ್ಟೂ ಕಾಯಿಲ್ ಮೇಲೆ ಬಿಳಿ ಸುಣ್ಣ ಹೆಚ್ಚು ಕಟ್ಟುತ್ತದೆ. ಥರ್ಮೋಸ್ಟ್ಯಾಟ್ ಕೂರುವ ಕೊಳವೆಯ ಮೇಲೂ ಅದೇ ಸುಣ್ಣ ಕಟ್ಟಿದರೆ ಬಿಸಿ ಅದಕ್ಕೆ ತಡವಾಗಿ ಮುಟ್ಟುತ್ತದೆ, ಅಷ್ಟರಲ್ಲಿ ಕಾಯಿಲ್ ಅತಿಯಾಗಿ ಕಾದಿರುತ್ತದೆ. ಹೊಸ ಥರ್ಮೋಸ್ಟ್ಯಾಟ್ ಹಾಕಿದ ವರ್ಷದೊಳಗೇ ಮತ್ತೆ ಕೆಟ್ಟರೆ ಮೂರನೆಯದನ್ನು ಕೊಳ್ಳುವ ಮೊದಲು ಟ್ಯಾಂಕು ಬಿಚ್ಚಿಸಿ ಸುಣ್ಣ ತೆಗೆಸಿ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಮೆಗ್ನೀಸಿಯಂ ಸರಳನ್ನೂ ಅದೇ ಹೊತ್ತಿಗೆ ನೋಡಿಸಿ.

ಟೈಮರ್ ಯಾರಿಗೆ ಬೇಕು

ಥರ್ಮೋಸ್ಟ್ಯಾಟ್ ಮನೆಯನ್ನು ಕಾಯುತ್ತದೆ, ಟೈಮರ್ ಬಿಲ್ಲನ್ನು ಕಾಯುತ್ತದೆ. ಒಂದರ ಕೆಲಸ ಇನ್ನೊಂದು ಮಾಡದು. ‘ಟೈಮರ್ ಇದೆಯಲ್ಲ, ಡೈರೆಕ್ಟ್ ಇದ್ದರೇನು’ ಎನ್ನುವವರು ಇದನ್ನು ಗಮನಿಸಬೇಕು: ಟೈಮರಿಗೆ ನೀರಿನ ಬಿಸಿ ಗೊತ್ತಾಗುವುದಿಲ್ಲ.

ಇಪ್ಪತ್ತೈದು ಲೀಟರಿನ ಟ್ಯಾಂಕು ಒಮ್ಮೆ 60 ಡಿಗ್ರಿಗೆ ಕಾಯಲು ಸುಮಾರು ಒಂದು ಯೂನಿಟ್ ಬೇಕು. ದಿನಕ್ಕೆ ಎರಡು ಸಲವಾದರೆ ತಿಂಗಳಿಗೆ 60 ಯೂನಿಟ್. ಇದಲ್ಲದೆ ಹಗಲೂ ರಾತ್ರಿ ಹಚ್ಚಿಯೇ ಬಿಟ್ಟರೆ, ನೀರು ಆರಿದಂತೆಲ್ಲ ಮತ್ತೆ ಮತ್ತೆ ಕಾಯಿಸಲು ಖರ್ಚಾಗುವ ಕರೆಂಟು ಬೇರೆ. ಗೀಸರ್ ಮೇಲಿನ ಸ್ಟಾರ್ ಲೇಬಲ್ಲಿನಲ್ಲಿ 24 ಗಂಟೆಗೆ ಇಷ್ಟು ಯೂನಿಟ್ ನಷ್ಟ ಎಂಬ ಅಂಕಿ ಇರುತ್ತದೆ. ಅದನ್ನು ಮೂವತ್ತರಿಂದ ಗುಣಿಸಿ ನೋಡಿ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕು. ಗಡಿಯ ಹತ್ತಿರ ಇರುವ ಮನೆಗೆ ಚಳಿಗಾಲದ ಗೀಸರ್ ಒಂದೇ ಆ ಗಡಿ ದಾಟಿಸಬಲ್ಲದು.

ಬೆಳಿಗ್ಗೆ ಐದೂವರೆಗೆ ಹಚ್ಚಿ ಏಳಕ್ಕೆ ಆರಿಸುವ ಟೈಮರ್ ಇಂಥ ಮನೆಗೆ ಉಪಯುಕ್ತ. ಕೊಳ್ಳುವಾಗ ಎರಡು ವಿಷಯ ನೋಡಿ. ಅದು 16 ಆಂಪಿಯರಿನದಾಗಿರಬೇಕು. ದೀಪಕ್ಕೆ ಬಳಸುವ ಸಣ್ಣ ಟೈಮರ್ ಗೀಸರ್‌ಗೆ ಹಾಕಿದರೆ ಕರಗುತ್ತದೆ. ಎರಡನೆಯದಾಗಿ, ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಆರಿಸಿ. ಮುಳ್ಳು ತಿರುಗುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತದೆ. ರಾತ್ರಿ ಎರಡು ತಾಸು ಕರೆಂಟ್ ಹೋಗಿದ್ದರೆ ಐದೂವರೆಯ ನೀರು ಏಳೂವರೆಗೆ ಕಾಯುತ್ತದೆ. ಟೈಮರನ್ನು ಬಚ್ಚಲ ಹೊರಗಿನ ಒಣ ಪಾಯಿಂಟಿನಲ್ಲೇ ಇಡಿ. ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್‌ಗೆ ಇದು ಬೇಕಿಲ್ಲ. ಸೋಲಾರ್ ವಾಟರ್ ಹೀಟರ್‌ನಲ್ಲಿ ಕರೆಂಟ್ ಕಾಯಿಲ್ ಇದ್ದರೆ ಮಾತ್ರ ಬಹಳ ಉಪಕಾರಿ: ಹಗಲೆಲ್ಲ ಬಿಸಿಲಿಗೆ ಬಿಟ್ಟು, ಮೋಡವಿದ್ದ ದಿನಗಳ ಮರುಬೆಳಿಗ್ಗೆಯಷ್ಟೇ ಕರೆಂಟ್ ಬಳಸಬಹುದು.

ಅರ್ಥಿಂಗ್ ಮರೆಯಬೇಡಿ

ಥರ್ಮೋಸ್ಟ್ಯಾಟ್, ಕಟ್‌ಔಟ್ ಎರಡೂ ನೀರಿನ ಬಿಸಿಯಿಂದ ಕಾಪಾಡುತ್ತವೆ. ಶಾಕ್‌ನಿಂದ ಕಾಪಾಡುವುದು ಅರ್ಥಿಂಗ್ ಮತ್ತು ಆರ್‌ಸಿಸಿಬಿ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿದಾಗ ಅರ್ಥಿಂಗ್ ಗುಂಡಿಯ ಸುತ್ತಲಿನ ಮಣ್ಣು ಹಿಡಿತ ಬಿಡುತ್ತದೆ. ಗುಂಡಿಗೆ ಆಗಾಗ ನೀರು ಹಾಕಿ. ಗೀಸರ್ ಕಾಲ ಶುರುವಾಗುವ ಮೊದಲು ಎಲೆಕ್ಟ್ರಿಷಿಯನ್ ಕರೆದು ಒಮ್ಮೆ ಅಳೆಯಿಸಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಅದನ್ನು ಹಾಕಿಸುವುದು ಹೊಸ ಗೀಸರ್ ಕೊಳ್ಳುವುದಕ್ಕಿಂತ ಮುಖ್ಯ. ಅದರ ಮೇಲಿನ ‘ಟಿ’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ; ಒತ್ತಿದ ಕೂಡಲೇ ಅದು ಬೀಳಬೇಕು.

ಇಷ್ಟು ಓದಿಯೂ ಕವರ್ ಬಿಚ್ಚಲು ಧೈರ್ಯ ಬಾರದಿದ್ದರೆ ಮೆಕ್ಯಾನಿಕ್ಕನ್ನೇ ಕರೆಯಿರಿ, ಅದರಲ್ಲಿ ಸಂಕೋಚವಿಲ್ಲ. ಆದರೆ ಕೆಲಸ ಮುಗಿದ ಮೇಲೆ ಎರಡು ಪ್ರಶ್ನೆ ಕೇಳಿ: “ಹಳೆ ಥರ್ಮೋಸ್ಟ್ಯಾಟ್ ಎಲ್ಲದರಿ? ಹೊಸದು ಎಲ್ಲಿ ಹಾಕೀರಿ, ತೋರಸ್ರಿ.” ಬೇಕಾದ ಅಳತೆಯದು ಊರಿನಲ್ಲಿ ಸಿಗದೆ ಸಿಂಧನೂರಿನಿಂದಲೋ ರಾಯಚೂರಿನಿಂದಲೋ ತರಿಸಲು ನಾಲ್ಕು ದಿನ ಹಿಡಿದರೆ ಆ ನಾಲ್ಕು ದಿನ ಗೀಸರ್ ಆಫ್ ಇರಲಿ, ಪ್ಲಗ್ ಕೂಡ ಕಿತ್ತಿರಲಿ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆಗೆ ನಮ್ಮಲ್ಲಿ ಬರವಿಲ್ಲ. ಒಲೆಯ ಮೇಲೆ ಹಂಡೆ ಇಡಬಹುದು, ಇಲ್ಲವೇ ಗ್ಯಾಸಿನ ಮೇಲೆ ಪಾತ್ರೆ ಇಡಬಹುದು. ಡೈರೆಕ್ಟ್ ಕೊಡಿಸುವ ಮಾತಿಗೆ ಮಾತ್ರ ಮನೆಯಲ್ಲಿ ಯಾರೂ ಒಪ್ಪಬೇಡಿ.